ಕುವಿರೆಯ ಹೆಸರು ಬಾರಿಸದ ರಾತ್ರಿ

ಬೆಂಕಿಗೆ ಇನ್ನೊಂದು ಕೊರಡು ದೂಡಿ, ಸ್ವಲ್ಪ ಹತ್ತಿರ ಬನ್ನಿ. ಇದನ್ನ ನಾನು ಜೋರಾಗಿ ಹೇಳೋದಿಲ್ಲ.

ಇದು ನಡೆದದ್ದು ನನ್ನ ದೊಡ್ಡಮ್ಮನ ಮಗ ದಬುವೊಗೆ. ಅವನು ಇನ್ನೂ ಬದುಕಿದ್ದಾನೆ, ತಂಪುವೊ ಊರಲ್ಲೇ ಇದ್ದಾನೆ. ನಾಳೆ ಹೋಗಿ ಕೇಳಿದರೆ ಬಾಯಿ ಬಿಡ್ತಾನೋ ಇಲ್ಲವೋ, ಹೇಳಲಾರೆ. ಆದರೆ ಸುಳ್ಳು ಅಂತ ಮಾತ್ರ ಅನ್ನೋದಿಲ್ಲ.

ಕೊಯ್ಲು ಮುಗಿದು ಒಣಗಾಳಿ ಎದ್ದಿದ್ದ ಕಾಲ. ಹಗಲೆಲ್ಲ ಧೂಳು, ರಾತ್ರಿ ತುಟಿ ಸೀಳೋ ಚಳಿ. ದಬುವೊ ಒಬ್ಬನೇ ಮನೆಗೆ ನಡೆದು ಬರ್ತಿದ್ದ. ಕುವಿರೆ ಅನ್ನೋ ಮುದುಕನ ಸಾವಿಗೆ ಜಿಲ್ ಬಾರಿಸಿ ಬರ್ತಿದ್ದ. ತಲೆ ಮೇಲೆ ಸಿಂಬಿ, ಸಿಂಬಿ ಮೇಲೆ ಜಿಲ್. ಸಾಲಾಗಿ ಮರದ ಪಟ್ಟಿಗಳು, ಒಂದೊಂದು ಪಟ್ಟಿಯ ಕೆಳಗೂ ಒಂದೊಂದು ಸೋರೆಬುರುಡೆ, ಬುರುಡೆಯ ತೂತಿಗೆ ಜೇಡನ ಗೂಡಿನ ಪೊರೆ. ಕೋಲು ಬಿದ್ದರೆ ಪಟ್ಟಿ 'ಡುಂ' ಅನ್ನುತ್ತೆ, ಅದರ ಹಿಂದೆಯೇ ಪೊರೆ 'ಝ್ರ್ರ್' ಅಂತ ನಡುಗುತ್ತೆ. ಬರೀ ವಾದ್ಯ ಅಲ್ಲ ಅದು. ಮಾತಾಡುತ್ತೆ. ಸತ್ತವನು ಯಾರು, ಯಾವ ಕುಲ, ಯಾರ ಮಗ, ಎಲ್ಲಾ ಅದೇ ಹೇಳಬೇಕು.

ದಾರಿಯಲ್ಲಿ ಒಂದು ದೊಡ್ಡಹುಣಸೆ ಮರ. ಅದರ ಬುಡದಲ್ಲಿ ಬಾವಿ. ಹಗಲು ಹೆಂಗಸರು ಸರದಿಗೆ ಜಗಳ ಆಡೋ ಜಾಗ. ಹೊತ್ತು ಮುಳುಗಿದ ಮೇಲೆ ಅಲ್ಲಿ ಯಾರೂ ನಿಲ್ಲೋದಿಲ್ಲ.

ಮರದ ಕೆಳಗೆ ಬರೋ ಹೊತ್ತಿಗೆ ತಲೆ ಮೇಲಿನ ಜಿಲ್ 'ಡುಂ' ಅಂತು.

ದಬುವೊ ನಿಂತ. ಕೋಲುಗಳು ಅವನ ಸೊಂಟದಲ್ಲೇ ಇದ್ದವು, ಮುಟ್ಟಿ ನೋಡಿಕೊಂಡ. ಕೊಂಬೆ ತಾಗಿರಬೇಕು ಅಂದುಕೊಂಡ. ತಲೆ ಎತ್ತಿ ನೋಡೋ ಹಾಗಿಲ್ಲ, ಮೇಲೆ ಭಾರ. ಮತ್ತೆ ಹೆಜ್ಜೆ ಇಟ್ಟ.

'ಡುಂ...'

ಅದೇ ಪಟ್ಟಿ. ಪೊರೆ ನಡುಗಿದ್ದು ಅವನ ನೆತ್ತಿಗೆ ಗೊತ್ತಾಯಿತು. ಝ್ರ್ರ್... ಅಂತ ಹಲ್ಲಿನ ತನಕ ಇಳೀತು. ಎರಡೂ ತಗ್ಗು ಸ್ವರ. ಇನ್ನು ಎತ್ತರದ್ದು ಒಂದು ಬರಬೇಕು. ಡುಂ, ಡುಂ, ಟಿಂ. ಆಗ ಅದು ಒಂದು ಹೆಸರಾಗುತ್ತೆ. ಯಾರ ಹೆಸರು ಅಂತ ದಬುವೊಗೆ ಚೆನ್ನಾಗಿ ಗೊತ್ತಿತ್ತು. ಆ ದಿನ ಬೆಳಗಿಂದ ಸಂಜೆವರೆಗೂ ಅವನು ಬೇಕಂತಲೇ ಬಾರಿಸದೆ ಬಿಟ್ಟಿದ್ದ ಹೆಸರು ಅದು.

ಕಾದ. ಎತ್ತರದ ಸ್ವರ ಬರಲಿಲ್ಲ.

ಯಾಕೆ ಬಿಟ್ಟ ಅಂತ ಮೊದಲು ಹೇಳಿಬಿಡ್ತೀನಿ. ಇಲ್ಲದಿದ್ದರೆ ನೀವು ಅವನನ್ನೇ ಕೆಟ್ಟವನು ಅಂದುಕೊಳ್ತೀರಿ.

ದಬುವೊನ ಅವ್ವ ತುವೊಲಾ. ನನ್ನ ದೊಡ್ಡಮ್ಮ. ಗಂಡ ಬೇಗ ಹೋಗಿದ್ದ, ಇದ್ದವನು ಒಬ್ಬನೇ ಮಗ. ಆ ಮಗ ಹರೆಯದಲ್ಲಿ ದಕ್ಷಿಣಕ್ಕೆ, ಕೋಕೋ ತೋಟಕ್ಕೆ ಕೂಲಿಗೆ ಹೋಗಿದ್ದ. ಆ ವರ್ಷವೇ ಊರಲ್ಲಿ ಮಕ್ಕಳಿಗೆ ದಡಾರ ಬಂತು. ಕುವಿರೆಯ ಕಿರಿಮಗು ಸತ್ತುಹೋಯಿತು. ಕುವಿರೆ ಊರ ಸಭೆಯಲ್ಲಿ ಎದ್ದು ನಿಂತು ಬೆರಳು ತೋರಿಸಿದ. "ನನ್ನ ಮಗೂ ಜೀವ ತಿಂದೋಳು ಇವಳೇ. ರಾತ್ರಿ ನನ್ನ ಮಾಳಿಗೆ ಮೇಲೆ ಬೆಂಕಿಯಾಗಿ ಕೂತಿದ್ದನ್ನ ನನ್ನ ಕಣ್ಣಾರೆ ಕಂಡೆ" ಅಂದ. ಎದುರಾಡೋಕೆ ಯಾರಿದ್ದಾರೆ? ಗಂಡಿಲ್ಲದ ಹೆಂಗಸು, ಮಗ ಊರಲ್ಲಿಲ್ಲ. ಹೊತ್ತು ಮುಳುಗೋದರೊಳಗೆ ಊರು ಬಿಡು ಅಂದರು. ತುವೊಲಾ ಒಂದು ಬುಟ್ಟಿ ತಲೆ ಮೇಲಿಟ್ಟುಕೊಂಡು ತವರೂರು ಜೊಬೊಗನ್ನಿಗೆ ನಡೆದಳು. ಮಗ ವಾಪಸ್ಸು ಬರೋದರೊಳಗೆ ಅಲ್ಲೇ ಸತ್ತಳು.

ದಬುವೊ ಬಂದು ನೋಡ್ತಾನೆ, ಅವ್ವನ ಒಲೆಯೊಳಗೆ ಗಿನಿಕೋಳಿ ಮೊಟ್ಟೆ ಇಟ್ಟು ಕಾವಿಗೆ ಕೂತಿದೆ.

ಅವತ್ತಿಂದ ಅವನು ಕುವಿರೆಯ ಜೊತೆ ಮಾತಾಡಲಿಲ್ಲ. ಇಬ್ಬರ ಹೊಲ ಅಕ್ಕಪಕ್ಕ. ಒಬ್ಬ ಗುದ್ದಲಿ ಹಿಡಿದು ಈ ತುದಿಯಿಂದ ಬಂದರೆ ಇನ್ನೊಬ್ಬ ಆ ತುದಿಗೆ ಹೋಗ್ತಿದ್ದ. ಹೆಂಡದ ಮನೆಯಲ್ಲಿ ಒಂದೇ ದಿಮ್ಮಿಯ ಮೇಲೆ ಕೂರಬೇಕಾಗಿ ಬಂದರೆ ಕುವಿರೆ ಎಲ್ಲರಿಗೂ ಕೇಳೋ ಹಾಗೆ ಅಂತಿದ್ದ, "ಬೇಗ ಬೇಗ ಕುಡೀರಪ್ಪ. ಮಾಟಗಾತಿ ಮಗ ಪಕ್ಕದಲ್ಲಿ ಕೂತ್ರೆ ಹೆಂಡ ಹುಳಿಯಾಗುತ್ತೆ." ಜನ ನಗ್ತಿದ್ದರು. ದಬುವೊ ಬುರುಡೆಯಲ್ಲಿದ್ದ ಹೆಂಡ ಮುಗಿಸಿ ಎದ್ದು ಹೋಗ್ತಿದ್ದ.

ಅಂಥ ಕುವಿರೆ ಸತ್ತ. ತಂಪುವೊದಲ್ಲಿ ಜಿಲ್ ಬಾರಿಸೋನು ದಬುವೊ ಬಿಟ್ಟರೆ ಬೇರೆ ಇಲ್ಲ. ಭೂಮಿ ಪೂಜಾರಿ ದೆರ್ಕು, ಊರಿಗೇ ಹಿರಿಯ, ತಾನೇ ಬಂದು ಅವನ ಬಾಗಿಲಲ್ಲಿ ಕೂತ.

"ಸಾವಿಗೆ ಬಾರಿಸಲ್ಲ ಅನ್ನೋ ಹಾಗಿಲ್ಲ ಕಣಪ್ಪ. ಭೂಮಿ ಮುನಿಯುತ್ತೆ."

"ಬಾರಿಸಲ್ಲ ಅಂದ್ನಾ ತಾತ? ಎರಡು ಕೈ ತರ್ತೀನಿ."

"ಮನಸ್ಸು?"

"ಅದು ಜೊಬೊಗನ್ನಲ್ಲಿದೆ. ಹೋಗಿ ಕರ್ಕೊಂಡು ಬರೋಕೆ ಹೊತ್ತಿಲ್ಲ."

ಕುವಿರೆಗೆ ಪಟ್ಟೆಪಟ್ಟೆ ಅಂಗಿ ತೊಡಿಸಿ, ಮುಖಕ್ಕೆ ಎಣ್ಣೆ ಹಚ್ಚಿ, ಅಂಗಳದ ಅಟ್ಟಣೆಯ ಮೇಲೆ ಕೂರಿಸಿದ್ದರು. ಮಗ ಸೊಮೆ ದುಃಖಕ್ಕೆ ಕಾಡಿನ ಕಡೆ ಓಡಿಬಿಟ್ಟಾನು ಅಂತ ಸೊಂಟಕ್ಕೆ ಹಗ್ಗ ಕಟ್ಟಿ ಇಬ್ಬರು ಹಿಡಿದಿದ್ದರು. ದಬುವೊ ಹೆಣದ ಎದುರಿಗೇ ಕೂತು ಬಾರಿಸಿದ. ಚೆನ್ನಾಗಿಯೇ ಬಾರಿಸಿದ. ಜನ ಬಿದ್ದು ಹೊರಳಿ ಅತ್ತರು. ಕುಲದ ಹೆಸರು ಬಂತು, ಅಜ್ಜನ ಹೆಸರು ಬಂತು, ಅಪ್ಪನ ಹೆಸರು ಬಂತು. ಸತ್ತವನ ಹೆಸರಿಗೆ ಬಂದ ಕೂಡಲೇ ಕೈ ಪಕ್ಕಕ್ಕೆ ಜಾರಿ, ತಿರುಗಿ ಕುಲದ ಹೆಸರಿಗೇ ಹೋಗ್ತಿತ್ತು. ಆ ಗದ್ದಲದಲ್ಲಿ ಯಾರು ಗಮನಿಸ್ತಾರೆ? ಒಬ್ಬ ಮುದುಕಿ ಮಾತ್ರ ಬಗ್ಗಿ ಕೇಳಿದಳು.

"ಹೆಸರು ಬರ್ಲಿಲ್ವಲ್ಲೋ?"

"ಬಂತಜ್ಜಿ. ನಿನ್ನ ಕಿವಿ ನಿನಗಿಂತ ಮುಂಚೆ ಹೊರಟಿದೆ."

ಹೆಸರು ಬಾರಿಸದಿದ್ದರೆ ಏನಾಗುತ್ತೆ ಅಂತ ಅವನಿಗೆ ಗೊತ್ತಿರಲಿಲ್ಲ ಅನ್ನಬೇಡಿ. ಸತ್ತವರು ದೊಡ್ಡ ಹೊಳೆ ದಾಟಿ ಹಿರಿಯರ ಹತ್ತಿರ ಹೋಗಬೇಕು. ಆ ದಡದಲ್ಲಿರೋರು ಜಿಲ್ಲಿನಲ್ಲಿ ಕೇಳಿದ ಹೆಸರನ್ನೇ ಕೂಗಿ ಕರೆಯೋದು. ಹೆಸರು ಕೇಳಿಸದವನನ್ನ ಯಾರು ಕರೀತಾರೆ? ಬಿದ್ದಿರಲಿ ಈ ದಡದಲ್ಲೇ. ಅದಕ್ಕೇ ಅವನು ಬಿಟ್ಟದ್ದು.

ಈಗ ಬಾವಿ ಹತ್ತಿರ ನಿಂತಿದ್ದಾನೆ. ತಲೆ ಮೇಲೆ ಜಿಲ್. ಅಲ್ಲಾಡೋ ಹಾಗಿಲ್ಲ.

ಬಾವಿಯೊಳಗೆ 'ಡುಬಕ್' ಅಂತು. ನೀರು ಸೇದೋ ರಬ್ಬರ್ ಚೀಲ ಬಿದ್ದ ಸದ್ದು. ಆಮೇಲೆ ಹಗ್ಗ ಮರದ ಅಂಚಿಗೆ ಉಜ್ಜೋ ಸದ್ದು. ಕರ್... ಕರ್... ಕರ್... ಯಾರೋ ನಿಧಾನಕ್ಕೆ ಸೇದ್ತಿದ್ದಾರೆ. ಕಣ್ಣು ಕತ್ತಲೆಗೆ ಹೊಂದಿಕೊಂಡ ಮೇಲೆ ಕಂಡಿತು. ಬಾವಿಯ ಅಂಚಿನಲ್ಲಿ ಬೆನ್ನು ಈ ಕಡೆ ಮಾಡಿ ಒಬ್ಬ ಕೂತಿದ್ದಾನೆ. ಮೈ ಮೇಲೆ ಪಟ್ಟೆಪಟ್ಟೆ ಅಂಗಿ.

"ದಬುವೊ..."

ಪಿಸುಮಾತು. ಒಣಗಿದ ಜೋಳದ ಗರಿ ಒಂದಕ್ಕೊಂದು ಉಜ್ಜಿದ ಹಾಗೆ.

"ಯಾರು?" ಅಂದ ದಬುವೊ.

"ಅದನ್ನ ಕೇಳೋಕೇ ಬಂದೆ... ನಾನು ಯಾರು?"

ದಬುವೊ ತಲೆ ಮೇಲಿನ ಜಿಲ್ಲನ್ನ ಎರಡೂ ಕೈಯಿಂದ ಹಿಡಿದುಕೊಂಡ.

"ಹೊಳೆ ಹತ್ರ ಹೋದೆ. ಯಾರು ನೀನು ಅಂತಾರೆ ಆ ಕಡೆಯೋರು. ಅಪ್ಪನ ಹೆಸರು ನೆನಪಿದೆ. ಅಜ್ಜನದೂ ಇದೆ. ನನ್ನದು ಬಾಯಿಗೆ ಬರ್ತಿಲ್ಲ... ನಿನ್ನ ಹತ್ರ ಇದೆ ಅದು. ಕೊಡು."

ದಬುವೊನ ತಲೆ ಮೇಲೆ ಬುರುಡೆಗಳು ಒಂದಕ್ಕೊಂದು ತಾಗಿ ಕಟಕಟ ಅಂತಿದ್ದವು. ಹೆದರಿಕೆ ಇತ್ತು. ಆದರೆ ಹೆದರಿಕೆಗಿಂತ ಹಳೇದು ಒಂದು ಅವನ ಹೊಟ್ಟೆಯಲ್ಲಿ ಇತ್ತಲ್ಲ, ಅದು ಮಾತಾಡಿತು.

"ಸಭೇಲಿ ನಮ್ಮವ್ವನ ಹೆಸರು ಚೆನ್ನಾಗಿ ಬಾಯಿಗೆ ಬಂದಿತ್ತಲ್ಲ ನಿನಗೆ."

"ಕೊಡು..."

"ಕೊಡಲ್ಲ."

ಹಗ್ಗದ ಸದ್ದು ನಿಂತಿತು. ಚೀಲ ಮೇಲೆ ಬಂದಿತ್ತು. ಕೂತವನು ಅದನ್ನ ನೆಲಕ್ಕೆ ಬಗ್ಗಿಸಿದ. ನೀರು ಬೀಳಬೇಕಿತ್ತು. ಸುರ್ರ್... ಅಂತ ಒಣಮಣ್ಣು ಬಿತ್ತು. ಗೋರಿ ತೋಡುವಾಗ ಬರುತ್ತಲ್ಲ, ಆ ಕೆಂಪು ಮಣ್ಣು.

"ಹಂಗಾದ್ರೆ ನಿನ್ನದು ತಗೋತೀನಿ" ಅಂತು ಪಿಸುಮಾತು. "ನನಗೆ ಯಾವುದಾದ್ರೂ ಒಂದು ಸಾಕು..."

ದಬುವೊ ಓಡಿದ. ತಲೆ ಮೇಲೆ ಜಿಲ್ಲಿನ ಎಲ್ಲಾ ಪಟ್ಟಿಗಳೂ ಬಡಿದುಕೊಳ್ತಾ, ಊರ ನಾಯಿಗಳನ್ನೆಲ್ಲ ಎಬ್ಬಿಸ್ತಾ ಓಡಿದ.

ಬೆಳಗ್ಗೆ ಆಡು ಕಣದಲ್ಲಿ ಒಣಗಿಸಿದ್ದ ಅಲಸಂದೆಗೆ ಬಾಯಿ ಹಾಕಿತು. ಹೆಂಡತಿ ಅಂಗ್ಮಿನ್ ಗಂಡನನ್ನ ಕೂಗೋಕೆ ಬಾಯಿ ತೆರೆದಳು. ಸಿಟ್ಟು ಬಂದಾಗ ಅವಳು ಹೆಸರು ಹಿಡಿದೇ ಕೂಗೋಳು. ಬಾಯಿ ತೆರೆದಳು... ಹಾಗೇ ನಿಂತಳು. ಆಮೇಲೆ "ಓಯ್" ಅಂದಳು. ಮತ್ತೆ "ಓಯ್, ನಿನ್ನನ್ನೇ."

"ನನಗೆ ಹೆಸರಿಲ್ವೇನೆ?" ಅಂದ ದಬುವೊ.

ಅವಳು ಅವನ ಮುಖ ನೋಡಿದಳು. "ಇದೆ" ಅಂದಳು. "ನಾಲಿಗೆ ತುದೀಲೇ ಇದೆ. ಬೆಳಗ್ಗೆಯಿಂದ ಅದನ್ನೇ ಯೋಚಿಸ್ತಿದ್ದೀನಿ." ಹೇಳಿ ನಕ್ಕಳು. ನಗು ಅರ್ಧಕ್ಕೇ ನಿಂತುಹೋಯಿತು.

ಮಧ್ಯಾಹ್ನದ ಹೊತ್ತಿಗೆ ಪಕ್ಕದ ಮನೆ ಜಿನಿಯೆ ಬಂದ. ಅವನೂ ದಬುವೊನೂ ಒಟ್ಟಿಗೇ ಬೆಳೆದವರು, ಒಟ್ಟಿಗೇ ಇಲಿ ಸುಟ್ಟು ತಿಂದವರು. ಬಂದವನು ಬಾಗಿಲಲ್ಲೇ ನಿಂತು ಕೇಳಿದ.

"ನಿನ್ನೆ ರಾತ್ರಿ ನಮ್ಮ ಮಾಳಿಗೆ ಏಣಿ ಹತ್ರ ಯಾರೋ ಬಂದಿದ್ರು ಮಾರಾಯ. 'ನಾನು ದಬುವೊ, ಮೇಲೆ ಬರ್ಲಾ' ಅಂತ ಕೇಳಿದ್ರು. ಪಿಸುಮಾತಲ್ಲಿ. ನಮ್ಮೂರಲ್ಲಿ ದಬುವೊ ಅಂತ ಯಾರಾದ್ರೂ ಇದ್ದಾರಾ?"

ದಬುವೊ ಕೂತಲ್ಲಿಂದ ಎದ್ದ.

"ನೀನು ಏನಂದೆ?"

"ಏನೂ ಅನ್ಲಿಲ್ಲ. ಏಣಿ ಮೇಲೆಳ್ಕೊಂಡೆ."

ಅವನು ಹೋದ ಮೇಲೆ ದಬುವೊ ಒಳಗೆ ಹೋಗಿ ಜಿಲ್ ಮುಂದೆ ಕೂತ. ತನ್ನ ಹೆಸರನ್ನ ತಾನೇ ಬಾರಿಸಿ ನೋಡಿದ. ಟಕ್. ಟಕ್. ಟಕ್. ಕಟ್ಟಿಗೆ ಮೇಲೆ ಕಟ್ಟಿಗೆ ಬಡಿದ ಹಾಗೆ. ಝ್ರ್ರ್ ಅನ್ನಲೇ ಇಲ್ಲ. ಬೇರೆ ಯಾರ ಹೆಸರು ಬಾರಿಸಿದರೂ ಪೊರೆ ಎಂದಿನ ಹಾಗೆ ನಡುಗ್ತಿತ್ತು. ಅವನದಕ್ಕೆ ಮಾತ್ರ ಇಲ್ಲ.

ಸಂಜೆ ಮುದ್ದೆ ತಿನ್ನೋಕೆ ಕೂತಾಗ ಅವನ ಪುಟ್ಟ ಮಗಳು ಅವ್ವನ ಹಿಂದೆ ಸರಿದು ನಿಂತಳು. ದಿನಾ ಅಪ್ಪನ ತಟ್ಟೆಯಿಂದಲೇ ತಿನ್ನೋ ಕೂಸು. ಸೆರಗು ಎಳೆದು ಅವ್ವನನ್ನ ಕೇಳಿತು, "ಅವ್ವಾ, ಇವರು ಯಾರು?"

ಅಂಗ್ಮಿನ್ ಮಗುವಿಗೆ ಹೊಡೆದಳು. ಹೊಡೆದು ತಾನೇ ಅತ್ತಳು.

ದಬುವೊ ಕೈ ತೊಳೆದು ನೇರ ಭೂಮಿ ಪೂಜಾರಿಯ ಮನೆಗೆ ಹೋದ. ದೆರ್ಕು ಎಲ್ಲಾ ಕೇಳಿಸಿಕೊಂಡ. ಕೇಳಿ, ನೆಲದ ಮೇಲೆ ಬೂದಿ ಹಾಕಿ ಬೆರಳಲ್ಲಿ ಗೀಚಿದ.

"ನಿನ್ನ ಹೆಸರು ಇಟ್ಕೊಂಡು ಅವನು ಹೊಳೆ ದಾಟಿದ ಅಂದ್ರೆ, ದಾಟಿದವನು ನೀನೇ ಅಂತ ಲೆಕ್ಕ. ಆಮೇಲೆ ನೀನು ಇಲ್ಲಿರೋಕೆ ಆಗಲ್ಲ. ಬಾರಿಸಿಬಿಡು. ಯಾರು ಯಾರಿಗೆ ಮೊದಲು ಏನು ಮಾಡಿದ್ರು ಅಂತ ಭೂಮಿ ಕೇಳಲ್ಲ."

"ನಮ್ಮವ್ವನ್ನ ಓಡಿಸಿದ ದಿನ ಭೂಮಿ ಎಲ್ಲಿಗೆ ಹೋಗಿತ್ತು ತಾತ?"

ದೆರ್ಕು ಬೂದಿಯನ್ನ ಅಂಗೈಯಲ್ಲಿ ಒರೆಸಿಬಿಟ್ಟ.

"ನೀನು ಆ ಸಭೇಲಿ ಎಲ್ಲಿ ಕೂತಿದ್ದೆ?" ದಬುವೊ ಬಿಡಲಿಲ್ಲ. "ಮುಂದೇನಾ, ಹಿಂದೇನಾ?"

"ಹೋಗಪ್ಪ" ಅಂದ ಮುದುಕ. "ಹೋಗು... ಏನೋ ನಿನ್ನ ಹೆಸರು. ಹೋಗು."

ಆ ರಾತ್ರಿ ದಬುವೊ ಹೆಂಡತಿ ಮಗಳನ್ನ ಒಳಕೋಣೆಯಲ್ಲಿ ಮಲಗಿಸಿ, ತಾನು ಅಂಗಳದಲ್ಲಿ ಜಿಲ್ ಪಕ್ಕ ಕೂತ. ಬಿಲ್ಲು ಹತ್ತಿರ ಇಟ್ಟುಕೊಂಡಿದ್ದ. ಏನು ಪ್ರಯೋಜನ ಅಂತ ಅವನಿಗೂ ಗೊತ್ತಿತ್ತು.

ಬಹಳ ಹೊತ್ತು ಏನೂ ಇಲ್ಲ. ಗಾಳಿಗೆ ಕಣಜದ ಹುಲ್ಲುಟೋಪಿ ಸರಸರ ಅಂತಿತ್ತು, ಅಷ್ಟೇ. ಆಮೇಲೆ ಮಾಳಿಗೆ ಮೇಲೆ ಹೆಜ್ಜೆ. ಧಪ್... ಧಪ್... ಮಣ್ಣಿನ ಮಾಳಿಗೆ, ಬರಿಗಾಲು. ಒಳಗೆ ಮಗಳು ನಿದ್ದೆಯಲ್ಲಿ ಕನವರಿಸಿದಳು. ಹೆಜ್ಜೆ ಏಣಿಯ ತಲೆಗೆ ಬಂತು. ಕಚ್ಚು ಕೊರೆದ ದಿಮ್ಮಿ ಏಣಿ ಒಂದೊಂದೇ ಮೆಟ್ಟಿಲಿಗೂ ಗಿರ್ರ್ ಅಂತು. ಕೆಳಗೆ ಇಳಿದು ಬಂದವನು ಗೋಡೆಯ ನೆರಳಲ್ಲಿ ಕೂತ. ಮತ್ತೆ ಬೆನ್ನೇ ಈ ಕಡೆ.

"ನಾಳೆ ದಾಟ್ತೀನಿ" ಅಂತು ಪಿಸುಮಾತು. ಈ ಸಲ ಅದು ಅರ್ಧ ದಬುವೊನ ಸ್ವರದ ಹಾಗೇ ಇತ್ತು. "ಚೆನ್ನಾಗಿದೆ ನಿನ್ನ ಹೆಸರು. ಹಗುರವಾಗಿದೆ."

"ಮಗಳಿಗೆ ನಾನು ಯಾರು ಅಂತ ಗೊತ್ತಾಗ್ತಿಲ್ಲ."

"ನನ್ನ ಮಗನೂ ಇವತ್ತು ಗೋರಿ ಹತ್ರ ಬಂದು ಸುಮ್ನೆ ನಿಂತಿದ್ದ. ಅಪ್ಪಾ ಅಂದ. ಮುಂದೆ ಏನನ್ನಬೇಕು ಅಂತ ಅವನಿಗೆ ಗೊತ್ತಾಗ್ಲಿಲ್ಲ... ಬಾರಿಸು. ಬಿಟ್ಟು ಹೋಗ್ತೀನಿ."

ದಬುವೊ ಕೋಲುಗಳನ್ನ ಕೈಗೆ ತಗೊಂಡ. ತಗೊಂಡದ್ದು ನಿಜ. ಆದರೆ ಅವ್ವನ ಒಲೆ ಕಣ್ಣಿಗೆ ಬಂತು. ಕೋಲು ಕೆಳಗಿಟ್ಟ.

"ನನ್ನನ್ನ ಕೇಳಬೇಡ" ಅಂದ. "ಅವಳನ್ನ ಕೇಳು. ಜೊಬೊಗನ್ನಿಗೆ ಹೋಗು. ಅವಳು ಹೂಂ ಅಂದ್ರೆ ಬಾರಿಸ್ತೀನಿ."



"ದೂರ..." ಅಂತು ನೆರಳು.

"ಅವಳೂ ನಡೆದೇ ಹೋಗಿದ್ದು."

ಹೆಜ್ಜೆ ಸದ್ದು ಎದ್ದಿತು. ಅಂಗಳ ದಾಟಿತು. ಜೋಳದ ಕೂಳೆ ತುಳೀತಾ ಹೋಗೋದು ಕೇಳಿಸಿತು, ಚರಕ್... ಚರಕ್... ಜೊಬೊಗನ್ ಕಡೆಗೆ.

ಕೋಳಿ ಕೂಗೋ ಮುಂಚೆ ದಬುವೊನೂ ಆ ದಾರಿ ಹಿಡಿದ. ಜಿಲ್ ಮನೆಯಲ್ಲೇ ಬಿಟ್ಟ. ಯಾಕೆ ಹೋದ ಅಂದರೆ, ಸುಮ್ಮನೆ ಕೂತಿರೋಕೆ ಆಗಲಿಲ್ಲ. ಎಂಥವನನ್ನ ಅವ್ವನ ಹತ್ತಿರ ಕಳಿಸಿಬಿಟ್ಟೆ ಅನ್ನೋ ಯೋಚನೆ.

ಹೊತ್ತು ಹುಟ್ಟೋ ಮುಂಚಿನ ಮಬ್ಬಲ್ಲಿ ಎದುರಾದವರು ಅವನಿಗೆ ನಮಸ್ಕಾರ ಹೇಳಲಿಲ್ಲ. ಪರಿಚಯದವರೇ. ಅವನು ಮಾತಾಡಿಸಿದರೆ ತಿರುಗಿ ನೋಡಿ, ಗಾಳಿಯಲ್ಲಿ ಏನೋ ಕೇಳಿಸಿತು ಅನ್ನೋ ಹಾಗೆ ಮುಂದೆ ಹೋಗ್ತಿದ್ದರು.

ಜೊಬೊಗನ್ನಿನಲ್ಲಿ ನಮ್ಮ ಸೋದರಮಾವ ಯೆಲ್ಕು ಬಾಗಿಲಲ್ಲೇ ಕೂತಿದ್ದ. ಇಡೀ ರಾತ್ರಿ ನಿದ್ದೆ ಇಲ್ಲದ ಕಣ್ಣು. ಅವನ ನಾಯಿ ಕಣಜದ ಕೆಳಗೆ ಹೊಟ್ಟೆ ನೆಲಕ್ಕೆ ಒತ್ತಿ ಮಲಗಿತ್ತು, ಕರೆದರೂ ಹೊರಗೆ ಬರಲಿಲ್ಲ. ದಬುವೊ ಏನೂ ಕೇಳೋ ಮುಂಚೆ ಒಳಗಿಂದ ಅತ್ತೆ ಬಂದಳು.

"ಬಂದ್ಯಾ ದಬುವೊ" ಅಂದಳು.

ದಬುವೊ ಗೋಡೆ ಹಿಡಿದುಕೊಂಡ. "ಏನಂದೆ ಅತ್ತೆ?"

"ಬಂದ್ಯಾ ಅಂದೆ. ದಬುವೊ ಅಂದೆ. ಯಾಕೋ, ಮುಖ ಹಿಂಗಾಗಿದೆ?"

"ಇನ್ನೊಂದು ಸಲ ಹೇಳತ್ತೆ."

ಅವಳು ಹೇಳಲಿಲ್ಲ, ಅವನ ಕೈ ಹಿಡಿದು ಕೂರಿಸಿದಳು. ನೀರು ಕೊಟ್ಟಳು. ಆಮೇಲೆ ದನಿ ತಗ್ಗಿಸಿ ಹೇಳಿದಳು.

"ನಿನ್ನೆ ರಾತ್ರಿ ನಿಮ್ಮವ್ವನ ಗೋರಿ ಹತ್ರ ಮಾತು ಕೇಳಿಸ್ತು. ನಿಮ್ಮವ್ವನ ದನಿ ನಾನು ಮರೀತೀನಾ? ಬೈತಿದ್ಲು. ಯಾರನ್ನೋ ಬೈತಾನೇ ಇದ್ಲು, ಉಸಿರು ತಗೊಳ್ಳದ ಹಂಗೆ. ಗಂಡಸಿನ ದನಿ ಒಂದು ಮಾತ್ರ ನಡುನಡುವೆ 'ಹೌದವ್ವ... ಹೌದವ್ವ...' ಅಂತಿತ್ತು. ಬೇರೆ ಏನೂ ಇಲ್ಲ."

"ಏನಂತ ಬೈತಿದ್ಲು?"

"ಎಲ್ಲಾ ತಿಳೀಲಿಲ್ಲ. ಒಂದು ಮಾತು ತಿಳೀತು. ಹೊತ್ತು ಹುಟ್ಟೋ ಹೊತ್ತಿಗೆ ಜೋರಾಗಿ ಅಂದ್ಲು. 'ನನ್ನ ಮಗನ ಹೆಸರು ಕೆಳಗಿಡು' ಅಂದ್ಲು."

ಯೆಲ್ಕು ಎದ್ದ. ಮೂವರೂ ಮನೆ ಹಿಂದಿನ ಗೋರಿಗೆ ಹೋದರು. ನಮ್ಮ ಕಡೆ ಗೋರಿಯ ಬಾಯಿಗೆ ಮಡಕೆ ಬೋರಲು ಹಾಕ್ತೀವಲ್ಲ, ಅದು ಹಾಗೇ ಇತ್ತು. ನೆಲ ಒಣಗಾಳಿಗೆ ಕಲ್ಲಾಗಿತ್ತು, ಗುದ್ದಲಿ ಹಾಕಿದರೆ ಕಿಡಿ ಹಾರಬೇಕು, ಹಾಗೆ. ಮಡಕೆಯ ಮುಂದೆ ಆ ಕಲ್ಲುನೆಲದಲ್ಲಿ ಎರಡು ಗುಳಿ ಬಿದ್ದಿದ್ದವು. ಮೊಣಕಾಲೂರಿ ಕೂತ ಗುಳಿ. ಹಸಿಮಣ್ಣಿನಲ್ಲಿ ಕೂತರೆ ಎಷ್ಟು ಆಳ ಬೀಳುತ್ತೋ ಅಷ್ಟು.

ದಬುವೊ ಬಗ್ಗಿ ಗುಳಿಯೊಳಗೆ ಕೈಯಿಟ್ಟು ನೋಡಿದ.

"ಹೂಂ ಅಂದ್ಲಾ, ಇಲ್ವಾ?" ಅಂತ ಕೇಳಿದ. "ಅದು ಹೆಂಗೆ ಗೊತ್ತಾಗೋದು ಮಾವ?"

"ಒಪ್ಪದಿದ್ದರೆ ನಿಮ್ಮವ್ವ ಅಷ್ಟು ಹೊತ್ತು ಬೈತಿರ್ಲಿಲ್ಲ" ಅಂದ ಯೆಲ್ಕು. "ಅವಳಿಗೆ ಬೇಡದೋರ ಜೊತೆ ಅವಳು ಮಾತೇ ಆಡ್ತಿರ್ಲಿಲ್ಲ." ಆಮೇಲೆ ಬೇರೆ ಕಡೆ ನೋಡ್ತಾ ಹೇಳಿದ, "ನಿನಗೊಂದು ಮಾತು ಹೇಳಿರ್ಲಿಲ್ಲ. ಅವಳು ಸತ್ತಾಗ ಇಲ್ಲಿ ಜಿಲ್ ಬಾರಿಸೋಕೆ ಬಿಡ್ಲಿಲ್ಲ ಕಣೋ. ಮಾಟದ ಹೆಸರು ಹೊತ್ತು ಬಂದೋಳಿಗೆ ಬೇಡ ಅಂದ್ರು ನಮ್ಮೂರೋರು. ನಾನು ಬೇಡಿಕೊಂಡೆ. ಸುಮ್ನೆ ಹೂತುಬಿಟ್ವಿ."

"ಹಂಗಾದ್ರೆ ಅವಳೂ ದಾಟಿಲ್ಲ."

"ಎಲ್ಲಿ ದಾಟ್ತಾಳೆ?"

 ದಬುವೊ ಗುಳಿಗಳನ್ನ ಕಾಲಲ್ಲಿ ಮುಚ್ಚೋಕೆ ಹೋದವನು, ಬಿಟ್ಟ. ಊಟಕ್ಕೂ ನಿಲ್ಲದೆ ತಿರುಗಿದ.

ತಂಪುವೊಕ್ಕೆ ಬಂದಾಗ ಅಂಗ್ಮಿನ್ ದೂರದಿಂದಲೇ ಕೂಗಿದಳು, "ದಬುವೊ, ಎಲ್ಲಿ ಹಾಳಾಗಿ ಹೋಗಿದ್ದೆ? ಆಡು ಮತ್ತೆ ಅಲಸಂದೆ ತಿಂದುಹಾಕ್ತು." ಅಷ್ಟು ಚೆಂದದ ಬೈಗುಳ ತಾನು ಕೇಳಿದ್ದೇ ಇಲ್ಲ ಅಂತ ಅವನು ನನಗೆ ಹೇಳಿದ್ದಾನೆ.

ಇಲ್ಲಿ ಒಂದು ಯೋಚನೆ ಮಾಡಿ. ಹೆಸರು ಕೈಗೆ ಬಂದಿತ್ತು. ಇನ್ನು ಅವನಿಗೆ ಯಾರ ಹಂಗೂ ಇರಲಿಲ್ಲ. ಕುವಿರೆಯನ್ನ ದಡದಲ್ಲೇ ಬಿಟ್ಟು ಮಲಗಬಹುದಿತ್ತು. ಎಷ್ಟೋ ಜನ ಹಾಗೇ ಮಾಡ್ತಿದ್ದರು.

ಕೆಲವು ದಿನಕ್ಕೆ, ಕುವಿರೆಯ ಮನೆಯಲ್ಲಿ ಸಾವು ಮುಗಿಸೋ ಶಾಸ್ತ್ರಕ್ಕೆ ಹೆಂಡ ಇಳಿಸಿದ ದಿನ ಊರೆಲ್ಲಾ ಸೇರಿತ್ತು. ದಬುವೊ ಜಿಲ್ ಹೊತ್ತು ಬಂದು, ಯಾರೂ ಕರೆಯದೇ ಅಂಗಳದ ನಡುವೆ ಇಳಿಸಿ ಕೂತ. ಮಾತು ನಿಂತಿತು. ಕೋಲು ಎತ್ತಿದ. ಕುಲದ ಹೆಸರು, ಅಜ್ಜನ ಹೆಸರು, ಅಪ್ಪನ ಹೆಸರು. ಆಮೇಲೆ ಡುಂ, ಡುಂ, ಟಿಂ. ಕುವಿರೆ. ಅಂಗಳದ ಎಷ್ಟೋ ಜನ 'ಹಾ' ಅಂತ ಉಸಿರು ಬಿಟ್ಟರು, ತಮಗೂ ಆ ಹೆಸರು ಮರೆತುಹೋಗಿತ್ತು ಅನ್ನೋದು ಆಗಲೇ ಅವರಿಗೆ ಗೊತ್ತಾದದ್ದು.

ಆದರೆ ಜಿಲ್ ಅಲ್ಲಿಗೆ ನಿಲ್ಲಲಿಲ್ಲ. ಮುಂದಕ್ಕೆ ಹೋಯಿತು. ಜಿಲ್ಲಿನ ಮಾತು ಬಲ್ಲವರಿಗೆ ಒಂದೊಂದೂ ತಿಳೀತು. ಕುವಿರೆ ಬರ್ತಿದ್ದಾನೆ, ಹಿರಿಯರೇ. ತುವೊಲಾಳನ್ನ ಸುಳ್ಳು ಹೇಳಿ ಊರು ಬಿಡಿಸಿದ ಕುವಿರೆ. ತುವೊಲಾ ಜೀವ ತಿಂದವಳಲ್ಲ. ತುವೊಲಾ ಬರ್ತಿದ್ದಾಳೆ, ಹಿರಿಯರೇ. ತುವೊಲಾ.

ಮಗ ಸೊಮೆ ಎದ್ದು ನಿಂತ. ಕೈಯಲ್ಲಿದ್ದ ಬುರುಡೆ ನೆಲಕ್ಕೆ ಬಡಿದು ಒಡೀತು. "ನಮ್ಮಪ್ಪನ್ನ ಬಯ್ಯೋಕೆ ನಮ್ಮ ಅಂಗಳಕ್ಕೇ ಬಂದ್ಯಾ?"

"ಇಲ್ಲ" ಅಂದ ದಬುವೊ, ಕೈ ನಿಲ್ಲಿಸದೆ. "ಕಳಿಸಿಕೊಡೋಕೆ ಬಂದೆ. ಬರಿಗೈಲಿ ಕಳಿಸಲ್ಲ, ಅಷ್ಟೇ."

ಸೊಮೆ ಸುತ್ತ ನೋಡಿದ. ಯಾರಾದರೂ ಎದ್ದು ಜಿಲ್ ಕಿತ್ತುಕೊಳ್ತಾರಾ ಅಂತ. ಯಾರೂ ಏಳಲಿಲ್ಲ. ಭೂಮಿ ಪೂಜಾರಿ ದೆರ್ಕು ತಲೆ ತಗ್ಗಿಸಿ ನೆಲ ನೋಡ್ತಾ ಕೂತಿದ್ದ. ಸೊಮೆ ಅವನನ್ನೇ ನೋಡ್ತಾ ನಿಧಾನಕ್ಕೆ ಕೂತುಬಿಟ್ಟ. ಇವತ್ತಿಗೂ ಅವನಿಗೂ ದಬುವೊಗೂ ಮಾತಿಲ್ಲ. ಹೊಲದಲ್ಲಿ ಒಬ್ಬ ಈ ತುದಿ, ಇನ್ನೊಬ್ಬ ಆ ತುದಿ. ಅದು ಹಾಗೇ ಮುಂದುವರಿದಿದೆ.

ದಬುವೊ ಕತ್ತಲಾಗೋವರೆಗೂ ಬಾರಿಸಿದ. ಆಮೇಲೆ ಪಿಸುಮಾತು ಯಾರ ಮನೆಗೂ ಬರಲಿಲ್ಲ.

ಇಷ್ಟೇ ಆಗಿದ್ದರೆ, ದಬುವೊನ ತಲೆ ಕೆಟ್ಟಿತ್ತು ಅಂತ ನಾನೂ ಅಂದುಬಿಡ್ತಿದ್ದೆ. ನೀವೂ ಅನ್ನಬಹುದು. ಆದರೆ ದೊಡ್ಡ ಹೊಳೆಯಲ್ಲಿ ದೋಣಿ ನಡೆಸೋ ಮುಯೊ ಇದ್ದಾನಲ್ಲ, ಅವನಿಗೆ ದಬುವೊ ಯಾರು, ಕುವಿರೆ ಯಾರು, ಒಂದೂ ಗೊತ್ತಿಲ್ಲ. ಹೆಂಡ ಮುಟ್ಟೋನಲ್ಲ. ಹೆಚ್ಚು ಮಾತಾಡೋನೂ ಅಲ್ಲ. ನಾನೇ ಅವನ ದೋಣಿಯಲ್ಲಿ ಕೂತು, ಅವನ ಬಾಯಿಂದಲೇ ಕೇಳಿದ್ದು.

ದಬುವೊ ಎರಡೂ ಹೆಸರು ಬಾರಿಸಿದ ಆ ರಾತ್ರಿಯೇ ಈ ದಡದಿಂದ ಯಾರೋ ಕರೆದರಂತೆ. ಬಂದು ನೋಡಿದರೆ ಯಾರೂ ಇಲ್ಲ. ಬೈಕೊಂಡು ದೋಣಿ ತಿರುಗಿಸಿದ. ತಿರುಗಿಸಿದ ಮೇಲೆ ಗೊತ್ತಾಯಿತಂತೆ, ದೋಣಿ ಭಾರವಾಗಿದೆ ಅಂತ. ನೀರು ಅಂಚಿನ ತನಕ ಬಂದಿತ್ತು, ಇಬ್ಬರು ಕೂತರೆ ಎಷ್ಟು ತಗ್ಗುತ್ತೋ ಅಷ್ಟು. ಇಡೀ ಹೊಳೆ ದಾಟೋವರೆಗೆ ಒಂದು ಮಾತಿಲ್ಲ, ಸದ್ದಿಲ್ಲ. ಹುಟ್ಟಿನ ಸದ್ದು ಮಾತ್ರ. ಚುಳಕ್... ಚುಳಕ್... ಆ ದಡ ಮುಟ್ಟಿದ ಕೂಡಲೇ ಮುಂದಿನ ತುದಿ ಒಂದು ಸಲ ಮೇಲೆದ್ದಿತು, ಯಾರೋ ಇಳಿದ ಹಾಗೆ.

ಮುಯೊ ಕಾದ. ಚಳಿಯಲ್ಲಿ ಹುಟ್ಟು ಹಿಡಿದುಕೊಂಡು ಬಹಳ ಹೊತ್ತು ಕಾದ.

ಆಮೇಲೆ ಹಿಂದಿನ ತುದಿ ಮೇಲೆದ್ದಿತು.